ಹನ್ನೊಂದನೇ ಸಂಖ್ಯೆಯ ಅಂಗಿ

ಪಂದ್ಯ ಶುರುವಾಗಲು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಮಾವನ ಫೋನು ಬರುತ್ತದೆ. ‘ಇವತ್ತು ನಮ್ಮೂರಿನ ಹುಡುಗರು ಎಷ್ಟು ಜನ ಇಳಿಯುತ್ತಿದ್ದಾರೆ?’ ಅಷ್ಟೇ ಪ್ರಶ್ನೆ. ಎದುರಾಳಿ ಯಾರು, ಯಾರಿಗೆ ಗಾಯವಾಗಿದೆ, ಗೆಲ್ಲುತ್ತೇವೆಯೇ ಎಂಬ ಮಾತೆಲ್ಲ ಆಮೇಲೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಿನಿಂದ ಅವರು ಕೇಳುತ್ತಲೇ ಬಂದಿದ್ದಾರೆ, ನಾನು ಬೆರಳು ಮಡಚಿ ಎಣಿಸಿ ಹೇಳುತ್ತಲೇ ಬಂದಿದ್ದೇನೆ. ಎರಡನೇ ಬೆರಳು ಮಡಚಬೇಕಾದ ದಿನಗಳು ಕಡಿಮೆ.

ಮಾವ ಎಂದರೆ ಅಮ್ಮನ ತಮ್ಮ. ಹಲಸೂರಿನ ಪಕ್ಕದ ಮರ್ಫಿ ಟೌನಿನಲ್ಲಿ ಹುಟ್ಟಿ ಬೆಳೆದವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಮೂವತ್ತು ವರ್ಷ ಕಳೆದರು; ಅದರಲ್ಲಿ ಎಂಟು ವರ್ಷ ಕಾರ್ಖಾನೆಯ ತಂಡಕ್ಕೆ ಲೆಫ್ಟ್ ಔಟ್ ಆಡಿದರು. ಆ ಸ್ಥಾನಕ್ಕೆ ಈಗ ಬೇರೆ ಹೆಸರುಗಳಿವೆ, ಅವರ ಬಾಯಲ್ಲಿ ಮಾತ್ರ ಇಂದಿಗೂ ಲೆಫ್ಟ್ ಔಟ್. ಟಿ.ವಿ.ಯಲ್ಲಿ ಚೆಂಡು ಎಡಬದಿಯ ಗೆರೆಯ ಬಳಿ ಬಂತೆಂದರೆ ಅವರ ಎಡಗಾಲು ತಾನಾಗಿಯೇ ನೆಲ ಸವರತೊಡಗುತ್ತದೆ. ಹೆಬ್ಬೆರಳಿನ ಉಗುರು ಎಂದೋ ಬಿದ್ದುಹೋಗಿ ಅಲ್ಲಿ ಗಟ್ಟಿಯಾದ ಕಪ್ಪು ಚರ್ಮ ಉಳಿದಿದೆ. ಆ ಬೆರಳೇ ಮೊದಲು ಅಲುಗಾಡುತ್ತದೆ, ಆಮೇಲೆ ಪಾದ.

ಅವರ ಬೆಂಗಳೂರಿನಲ್ಲಿ ಫುಟ್‌ಬಾಲ್ ಹೊರಗಿನಿಂದ ಬಂದ ಅತಿಥಿಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಗಳಿಸಿದ ಒಂದೇ ಒಂದು ಗೋಲು, ಅಂದರೆ ಸ್ವತಂತ್ರ ಭಾರತದ ಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು, ಅವರೂ ಈ ಊರಿನವರೇ. ಗೌತಮಪುರದ ಬೀದಿಯಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ನಿಂತಿದೆ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಎಂದು ಮಾವ ಒಂದೊಂದೇ ಬಡಾವಣೆಯ ಹೆಸರು ಹೇಳುವಾಗ ತಮ್ಮ ತಂಡದ ಹನ್ನೊಂದು ಜನರ ಪಟ್ಟಿ ಓದುತ್ತಿದ್ದಾರೆ ಎನಿಸುತ್ತದೆ. ನಮ್ಮ ಕ್ಲಬ್ಬಿನ ಪಟ್ಟಿಯಲ್ಲಿ ಆ ಬಡಾವಣೆಗಳು ಎಲ್ಲಿ ಹೋದವು ಎಂಬುದೇ ಅವರ ಪ್ರಶ್ನೆಯ ಅರ್ಥ. ನಾನು ಬಹಳ ಕಾಲ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಕಪ್ ಬರುತ್ತಿತ್ತು; ಕಪ್ ಬರುವಾಗ ಅಂಥ ಪ್ರಶ್ನೆ ಯಾರಿಗೆ ಬೇಕು?

2025ರ ಏಪ್ರಿಲ್ 6ರ ರಾತ್ರಿ ನನಗೆ ಅದು ತಟ್ಟಿತು.

ಗೋವಾದ ಫತೋರ್ಡದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯ. ತವರಿನಲ್ಲಿ ನಾವು 2–0ರಿಂದ ಗೆದ್ದು ಹೋಗಿದ್ದೆವು. ಗೋವಾ ಒಂದು ಗೋಲು ಹೊಡೆಯಿತು; 88ನೇ ನಿಮಿಷದಲ್ಲಿ ಇನ್ನೊಂದು ಹೊಡೆಯಿತು. ಲೆಕ್ಕ ಸರಿಸಮ. ಮಾವನ ಮನೆಯ ನಡುಮನೆಯಲ್ಲಿ ನಾವು ಐದು ಜನ, ಯಾರ ಬಾಯಲ್ಲೂ ಮಾತಿಲ್ಲ. ಅತ್ತೆ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಹೆಚ್ಚುವರಿ ಅವಧಿಗೆ ಹೋದರೆ ನಮ್ಮ ಕಾಲುಗಳಲ್ಲಿ ಕಸುವಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸಿದ ಗಾಯದ ಸಮಯದ ಎರಡನೇ ನಿಮಿಷದಲ್ಲಿ ಚೆಂಡು ಪೆನಾಲ್ಟಿ ಆವರಣದೊಳಕ್ಕೆ ತೇಲಿ ಬಂತು. ಅಲ್ಲಿದ್ದವರು ಬಹುಪಾಲು ಎತ್ತರದವರು, ವಯಸ್ಸಿನಲ್ಲಿ ಎಷ್ಟೋ ಕಿರಿಯರು. ಅವರ ನಡುವೆ ಸುನಿಲ್ ಚೆಟ್ರಿ ತಲೆ ಕೊಟ್ಟರು. ಗೋಲು. ಒಟ್ಟು ಲೆಕ್ಕದಲ್ಲಿ 3–2, ನಾವು ಫೈನಲ್‌ಗೆ.

ನಾವೆಲ್ಲ ಎದ್ದು ಕುಣಿದೆವು. ಮಾವನೂ ಎದ್ದರು, ಮಂಡಿ ನೋವು ಮರೆತು. ಆಮೇಲೆ ಕುಳಿತುಕೊಳ್ಳುತ್ತಾ ಮೆಲ್ಲಗೆ ಹೇಳಿದರು: ‘ನಲವತ್ತು ವರ್ಷ ಕಣೋ ಅವರಿಗೆ. ಇನ್ನೂ ಅವರೇ ಹೊಡೆಯಬೇಕಲ್ಲ.’

ಆ ಮಾತು ನನ್ನೊಳಗೆ ಇಳಿದು ಕುಳಿತುಬಿಟ್ಟಿತು. ಮನೆಗೆ ಮರಳುವ ದಾರಿಯುದ್ದಕ್ಕೂ ಸಂತೋಷವೂ ಸಂಕಟವೂ ಒಟ್ಟಿಗೇ ಇದ್ದವು. ಹನ್ನೆರಡು ವರ್ಷಗಳಲ್ಲಿ ನಾವು ಆನಂದಪಟ್ಟ ರಾತ್ರಿಗಳನ್ನು ಒಂದೊಂದಾಗಿ ನೆನೆದರೆ ಅವುಗಳಲ್ಲಿ ಬಹುಪಾಲಿನ ನಡುವೆ ಚೆಟ್ರಿಯ ಆ ಹನ್ನೊಂದನೇ ಸಂಖ್ಯೆಯ ಅಂಗಿ ಇದೆ.

2016ರ ಅಕ್ಟೋಬರ್ 19ನ್ನೇ ತೆಗೆದುಕೊಳ್ಳಿ. ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್, ಕಂಠೀರವ ಕ್ರೀಡಾಂಗಣ, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ ಹೋಗಿ 1–1ರ ಡ್ರಾ ಮಾಡಿಕೊಂಡು ಬಂದಿದ್ದೆವು. ಇಲ್ಲಿ ಅವರೇ ಮೊದಲು ಗೋಲು ಹೊಡೆದರು. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ನಮ್ಮಿಂದ ದೂರ. ಆಟಗಾರರ ಮುಖ ಕಾಣುವುದಿಲ್ಲ, ನಡಿಗೆಯಿಂದಲೇ ಗುರುತು ಹಿಡಿಯಬೇಕು. ಚೆಟ್ರಿಯ ನಡಿಗೆ ನನಗೆ ಚೆನ್ನಾಗಿ ಗೊತ್ತು. ಗೋಲು ಬಿಟ್ಟುಕೊಟ್ಟ ಮೇಲೆ ಅವರು ತಲೆ ತಗ್ಗಿಸಿ ಮಧ್ಯರೇಖೆಯವರೆಗೆ ಬೇಗ ಬೇಗ ನಡೆದುಬಿಡುತ್ತಾರೆ, ಯಾರನ್ನೂ ಬೈಯುವುದಿಲ್ಲ. ವಿರಾಮಕ್ಕೆ ಮೊದಲೇ ಅವರ ಹೆಡರ್ ಬಂತು. 67ನೇ ನಿಮಿಷದಲ್ಲಿ ದೂರದಿಂದಲೇ ಬಾರಿಸಿದ ಎರಡನೆಯದು ಬಂತು. ಆಮೇಲೆ ಹುವಾನನ್ ಮೂರನೆಯದನ್ನು ಸೇರಿಸಿದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್ ಫೈನಲ್ ಮುಟ್ಟಿರಲಿಲ್ಲ. ನಮ್ಮ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನನ್ನ ಪಕ್ಕದಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಹೆಗಲಿಗೆ ಹಣೆಯಿಟ್ಟು ಅತ್ತರು. ಅವರ ಕೈಯಲ್ಲಿದ್ದ ಕಡಲೆಕಾಯಿಯ ಪೊಟ್ಟಣ ಜಾರಿ ನನ್ನ ಕಾಲ ಬಳಿ ಚೆಲ್ಲಿಹೋಗಿತ್ತು. ಅವರ ಹೆಸರು ಏನೆಂದು ಕೇಳಲೇ ಇಲ್ಲ, ಇಂದಿಗೂ ಆ ಬಗ್ಗೆ ಬೇಸರವಿದೆ.

ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ಕ್ಲಬ್ ನಮ್ಮನ್ನು 1–0ಯಿಂದ ಸೋಲಿಸಿತು. ಆ ಸೋಲಿನ ಬಗ್ಗೆ ನನಗೆ ಕಹಿಯಿಲ್ಲ. ಅವರು ನಮಗಿಂತ ಬಲವಾದ ತಂಡ.

ಕಹಿ ಇರುವುದು 2018ರ ಮಾರ್ಚ್ 17ರ ಬಗ್ಗೆ. ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ವರ್ಷವೇ 40 ಅಂಕಗಳೊಂದಿಗೆ ಪಟ್ಟಿಯ ತುದಿಯಲ್ಲಿ ನಿಂತ ತಂಡ, ಫೈನಲ್ ನಮ್ಮದೇ ಅಂಗಳದಲ್ಲಿ. ಒಂಬತ್ತನೇ ನಿಮಿಷದಲ್ಲಿ ಉದಾಂತ ಬಲಬದಿಯಿಂದ ಕಳುಹಿಸಿದ ಚೆಂಡಿಗೆ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಕಂಠೀರವ ಆ ಕ್ಷಣ ಕೂಗಿದ ಹಾಗೆ ಮತ್ತೆಂದೂ ಕೂಗಿದ್ದು ನನಗೆ ನೆನಪಿಲ್ಲ. ಆಮೇಲೆ ಚೆನ್ನೈನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಅಲ್ವೆಸ್ ಎರಡು ಕಾರ್ನರ್‌ಗಳಿಂದ ಎರಡು ಹೆಡರ್ ಹೊಡೆದ. ಒಂದನ್ನು ತಪ್ಪಿಸಿಕೊಳ್ಳಲಾಗದ್ದು ಎನ್ನಬಹುದು. ಎರಡನೆಯದಕ್ಕೂ ಅವನನ್ನು ಹಾಗೆ ಬಿಟ್ಟಿದ್ದನ್ನು ಕ್ಷಮಿಸಲು ನನ್ನಿಂದ ಈವರೆಗೆ ಆಗಿಲ್ಲ. 3–2ರ ಸೋಲು. ಕೋಚ್ ಅಲ್ಬರ್ಟ್ ರೋಕಾ ಕಟ್ಟಿದ ಆ ತಂಡ ನಾನು ನೋಡಿದ ಬೆಂಗಳೂರು ತಂಡಗಳಲ್ಲೇ ಶ್ರೇಷ್ಠವಾದದ್ದು. ಡಿಮಾಸ್ ಡೆಲ್ಗಾಡೊ ಮತ್ತು ಎರಿಕ್ ಪಾರ್ಟಲು ನಡುವಣದಲ್ಲಿ ಚೆಂಡನ್ನು ಹಂಚಿಕೊಳ್ಳುತ್ತಿದ್ದರೆ ನೇಕಾರ ಲಾಳಿ ಓಡಿಸಿದಂತಿರುತ್ತಿತ್ತು.

ಮರುವರ್ಷ, ರೋಕಾರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅದೇ ತಂಡವನ್ನು ಮುಂಬೈಗೆ ಕರೆದೊಯ್ದು ಫೈನಲ್ ಗೆಲ್ಲಿಸಿದರು. 117ನೇ ನಿಮಿಷ, ಡಿಮಾಸ್ ಕಾರ್ನರ್, ರಾಹುಲ್ ಭೆಕೆ ಹೆಡರ್, ಗೋವಾ ವಿರುದ್ಧ 1–0. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಳೆದುಕೊಂಡದ್ದನ್ನು ಕಾರ್ನರ್‌ನಲ್ಲೇ ಪಡೆದುಕೊಂಡೆವು. ನಮ್ಮ ಏಕೈಕ ಐಎಸ್‌ಎಲ್ ಪ್ರಶಸ್ತಿಯ ಗೋಲನ್ನು ಹೊಡೆದವನು ಡಿಫೆಂಡರ್ ಎಂಬುದು ನನಗೆ ಬಹಳ ಹಿತವೆನಿಸುವ ಸಂಗತಿ. ಅದೊಂದು ರಾತ್ರಿ ಚೆಟ್ರಿಯ ಹೆಗಲ ಮೇಲಿನ ನೊಗಕ್ಕೆ ಬೇರೊಬ್ಬರು ಹೆಗಲು ಕೊಟ್ಟರು.

ಈ ನೊಗದ ಮಾತನ್ನೇ ನಾನು ಹೇಳಬೇಕೆಂದಿರುವುದು. ಚೆಟ್ರಿ ನಮ್ಮ ಭಾಗ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಾಗ್ಯ ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿತು. ಅವರು ಇದ್ದಾರೆ ಎಂಬ ಧೈರ್ಯದಲ್ಲಿ ಅವರ ನಂತರದವನನ್ನು ಬೆಳೆಸುವ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಇದು ನಮ್ಮ ಕ್ಲಬ್ಬಿನ ಕಾಯಿಲೆ ಮಾತ್ರವಲ್ಲ. ಲೀಗ್‌ನಲ್ಲಿ ಮೈದಾನಕ್ಕೆ ಇಳಿಸಬಹುದಾದ ವಿದೇಶಿ ಆಟಗಾರರ ಸಂಖ್ಯೆಯನ್ನು 2021–22ರಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಿದರು. ಆ ನಾಲ್ವರಲ್ಲಿ ಒಬ್ಬನಾದರೂ ಗೋಲು ಹೊಡೆಯಲೆಂದೇ ಬಂದವನಾಗಿರುತ್ತಾನೆ. ಸೋತರೆ ಕೆಲಸ ಹೋಗುತ್ತದೆ ಎಂದು ತಿಳಿದ ಕೋಚ್ ಹತ್ತೊಂಬತ್ತರ ಹುಡುಗನನ್ನು ಮುಂದೆ ನಿಲ್ಲಿಸಿ ಕಾಯುವುದಿಲ್ಲ, ಅದಕ್ಕಾಗಿ ಅವರನ್ನು ದೂರುವುದೂ ಕಷ್ಟ. ಸ್ವತಃ ಚೆಟ್ರಿಯೇ ವಿದೇಶಿ ಸ್ಟ್ರೈಕರ್ ಮಿಕು ಇದ್ದ ವರ್ಷಗಳಲ್ಲಿ ಎಡಬದಿಗೆ ಸರಿದು ಆಡಿದರು. ದೇಶದ ಪರ 94 ಗೋಲು ಹೊಡೆದು 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿದವರನ್ನು ಮರುವರ್ಷದ ಮಾರ್ಚ್‌ನಲ್ಲೇ ದೇಶ ಮತ್ತೆ ಕರೆಯಿತು ಎಂದ ಮೇಲೆ ಬರಗಾಲ ಎಷ್ಟು ದೊಡ್ಡದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಒಬ್ಬ ಹುಡುಗನ ಮೇಲೆ ನಾನು ಆಸೆ ಇಟ್ಟುಕೊಂಡಿದ್ದೆ, ಶಿವಶಕ್ತಿ ನಾರಾಯಣನ್. 2022ರಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದ ನಮ್ಮ ಕಿರಿಯರ ತಂಡದಿಂದ ಬಂದವನು. ಅದೇ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವನದೇ. ಡಿಫೆಂಡರ್‌ನ ಬೆನ್ನ ಹಿಂದೆ ಜಾರಿಕೊಳ್ಳುವ ಅವನ ಓಟ ನೋಡುವುದೇ ಒಂದು ಸೊಗಸು. ಮುಂದೆ ಗಾಯ ಅವನನ್ನು ಹಿಂದಕ್ಕೆ ಎಳೆಯಿತು. ಗಾಯ ಯಾರ ಕೈಯಲ್ಲೂ ಇಲ್ಲ. ಆದರೆ ಅಂಥವರು ನಾಲ್ಕೈದು ಜನ ಸಾಲಿನಲ್ಲಿ ನಿಂತಿದ್ದರೆ ಒಬ್ಬನ ಗಾಯ ಇಡೀ ಕ್ಲಬ್ಬಿನ ಗಾಯವಾಗುತ್ತಿರಲಿಲ್ಲ.

ಕೇರಳ ಬ್ಲಾಸ್ಟರ್ಸ್ ವಿರುದ್ಧದ ಆ ಫ್ರೀಕಿಕ್ ಬಗ್ಗೆಯೂ ಹೇಳಿಬಿಡುತ್ತೇನೆ. 2023ರ ಮಾರ್ಚ್ 3, ಪ್ಲೇಆಫ್ ಪಂದ್ಯ, ಹೆಚ್ಚುವರಿ ಅವಧಿಯ 96ನೇ ನಿಮಿಷ. ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಎಂದರು. ಕೇರಳದ ಆಟಗಾರರು ಕೋಚ್ ಇವಾನ್ ವುಕೊಮನೊವಿಚ್ ಜೊತೆ ಮೈದಾನ ಬಿಟ್ಟು ಹೊರನಡೆದರು. ಅವರ ದೂರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಳ್ಳಿಹಾಕಿತು, ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ನನ್ನ ಮಟ್ಟಿಗೆ ಅದು ಸರಿಯಾದ ಗೋಲು. ಎಚ್ಚರ ತಪ್ಪಿದವರು ಅವರು. ಆದರೂ ಆ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದತ್ತ ನಡೆಯುವಾಗ ಹೊಟ್ಟೆ ತುಂಬದ ಭಾವ. ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಆಟ ಉಳಿದಿತ್ತು. ಅದನ್ನು ಆಡಿ, ಅವರು ಮೇಲೆ ಬಿದ್ದಾಗ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಚೆಂಡನ್ನು ತಡೆದು, ಹಾಗೆ ಗೆದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಮಾವನಿಗೆ ಆ ವಿವಾದದಲ್ಲಿ ಆಸಕ್ತಿಯೇ ಇರಲಿಲ್ಲ. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಇದಕ್ಕೆ ಮೊದಲು ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಆಗ ಮಾವ ಶಾಲೆಯ ಹುಡುಗ. ಐವತ್ತನಾಲ್ಕು ವರ್ಷದ ನಂತರ ಅವರು ನನಗೆ ಫೋನು ಮಾಡಿ ಎರಡು ನಿಮಿಷ ಏನೂ ಮಾತನಾಡಲಿಲ್ಲ, ಮೂಗು ಸೀಟುವ ಸದ್ದು ಮಾತ್ರ ಕೇಳಿಸುತ್ತಿತ್ತು. ನಾನು ಹಿಂದಿನ ರಾತ್ರಿಯ ಗೋಲಿನ ಚರ್ಚೆಯಲ್ಲೇ ಮುಳುಗಿದ್ದವನು, ಆ ಫೈನಲ್ ನೋಡಿಯೇ ಇರಲಿಲ್ಲ. ಅದನ್ನು ಅವರಿಗೆ ಹೇಳಲು ನಾಲಿಗೆ ಬರಲಿಲ್ಲ.

ಎರಡು ವಾರದ ನಂತರ ನಮ್ಮ ಫೈನಲ್. ಮೋಹನ್ ಬಾಗನ್ ವಿರುದ್ಧ 2–2, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಅದರ ಮುಂದಿನ ಋತುವಂತೂ ಕೆಟ್ಟ ಕನಸು. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ನಮ್ಮ ಮನೆಗೇ ಬಂದು ನಾಲ್ಕು ಗೋಲು ಹೊಡೆದು ಹೋದ ಮೇಲೆ ಕೋಚ್ ಸೈಮನ್ ಗ್ರೇಸನ್ ಹೊರಟರು, ಗೆರಾರ್ಡ್ ಸರಗೋಸಾ ಬಂದರು. ಚೆಟ್ರಿ ಮುಗಿದರು ಎಂದು ಪಕ್ಕದ ಸಾಲಿನವರೇ ಹೇಳತೊಡಗಿದ್ದ ಕಾಲ ಅದು. ಮುಂದಿನ ಋತುವಿನಲ್ಲಿ ಅವರು 14 ಗೋಲು ಹೊಡೆದರು. 2024ರ ಡಿಸೆಂಬರ್‌ನಲ್ಲಿ ಅದೇ ಕೇರಳದ ವಿರುದ್ಧ ಹ್ಯಾಟ್ರಿಕ್, ನಲವತ್ತು ತುಂಬಿದ ಮೇಲೆ. ಹಾಗೆ ಹೇಳಿದವರ ಮೇಲೆ ನನಗೆ ಕೋಪವಿಲ್ಲ. ಅವರೂ ಆ ರಾತ್ರಿ ನನ್ನ ಜೊತೆಗೇ ಗಂಟಲು ಹರಿಯುವಂತೆ ಕೂಗಿದರು.

ಆ ಋತುವಿನಲ್ಲಿ ನನ್ನ ಮನಸ್ಸಿಗೆ ನಿಜವಾಗಿ ಸಮಾಧಾನ ಕೊಟ್ಟ ರಾತ್ರಿ ಬೇರೆಯದು. 2025ರ ಮಾರ್ಚ್ 29ರಂದು ಮುಂಬೈ ಸಿಟಿಯನ್ನು ಕಂಠೀರವದಲ್ಲಿ 5–0ಯಿಂದ ಮಣಿಸಿದೆವು. ಐದು ಗೋಲು, ಐದು ಜನ ಹೊಡೆದವರು: ಸುರೇಶ್, ಎಡ್ಗರ್ ಮೆಂಡೆಸ್, ರಯಾನ್ ವಿಲಿಯಮ್ಸ್, ಚೆಟ್ರಿ, ಪೆರೇರಾ ಡಿಯಾಸ್. ಚೆಟ್ರಿಯ ಗೋಲು ಐದರಲ್ಲಿ ಒಂದು. ಅವರು ಹೊಡೆದಾಗ ಪಂದ್ಯ ಆಗಲೇ ನಮ್ಮ ಕೈಯಲ್ಲಿತ್ತು. ಅವರು ನಗುತ್ತಾ ಓಡಿದರು. ಈ ಕ್ಲಬ್ಬಿಗಾಗಿ ಅಷ್ಟು ವರ್ಷ ದುಡಿದವರಿಗೆ ಇಂಥ ಇನ್ನೂ ನಾಲ್ಕು ರಾತ್ರಿ ಸಿಗಬೇಕಿತ್ತು ಎನಿಸಿತು. ಎಂಟು ದಿನ ಕಳೆಯುವಷ್ಟರಲ್ಲಿ ಫತೋರ್ಡದ ಆ 92ನೇ ನಿಮಿಷ ಬಂತು, ಭಾರ ಮತ್ತೆ ಅವರ ತಲೆಗೇ ಬಂತು. ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗನ್ ಅವರ ಸ್ವಂತ ಗೋಲಿನಿಂದ ನಮಗೆ ಮುನ್ನಡೆ ಸಿಕ್ಕಿತ್ತು. ಆಮೇಲೆ ನಮ್ಮವರ ಕೈಗೆ ಚೆಂಡು ತಾಗಿ ಅವರಿಗೆ ಪೆನಾಲ್ಟಿ, ಹೆಚ್ಚುವರಿ ಅವಧಿಯಲ್ಲಿ ಅವರ ಮೆಕ್ಲಾರೆನ್ ಗೋಲು, 2–1ರ ಸೋಲು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದ ಆ ಜನಸಾಗರದ ನಡುವೆ ನಮ್ಮ ಹುಡುಗರು ಹೇಡಿಗಳಂತೆ ಆಡಲಿಲ್ಲ. ಅಷ್ಟು ಸಾಕಾಗಿತ್ತು ನನಗೆ.

ಆಮೇಲೆ ಬಂದದ್ದು ಮೌನ. ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಫೆಡರೇಷನ್ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದೇನು ಎಂಬುದು ತೀರ್ಮಾನವಾಗಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಿತು. ಅದೇ ತಿಂಗಳ 3ರಂದು ಚೆಟ್ರಿಗೆ ನಲವತ್ತೊಂದು ತುಂಬಿತು. ಇಪ್ಪತ್ತರ ಹುಡುಗನಿಗೆ ಒಂದು ಋತು ತಡವಾದರೆ ನಷ್ಟ. ನಲವತ್ತೊಂದರವರಿಗೆ ಅದು ಉಳಿದ ಆಸ್ತಿಯ ಅರ್ಧ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ. ಒಂದು ಶನಿವಾರ ಸಂಜೆ ಸುಮ್ಮನೆ ಕಂಠೀರವದ ಕಡೆ ಹೋಗಿ ಬಂದೆ. ಸಂಪಂಗಿ ಕೆರೆಯ ಅಂಗಳದ ಮೇಲೆ ಎದ್ದ ಕ್ರೀಡಾಂಗಣ ಅದು. ಕೆರೆಯ ಹೆಸರಿನಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಹೊಂಡ. ಅದರ ಕಡೆ ನೋಡಿದಾಗ ನನಗೆ ಯಾಕೋ ತಡೆಯಲಾಗಲಿಲ್ಲ, ಬೇಗ ಹಿಂತಿರುಗಿದೆ.

ನೆನಪಿನಲ್ಲಿ ಹಿಡಿದಿಟ್ಟುಕೊಂಡಿರುವ ಒಂದು ಸಂಜೆಯಿದೆ. 2024ರ ಸೆಪ್ಟೆಂಬರ್ 14, ಋತುವಿನ ನಮ್ಮ ಮೊದಲ ಪಂದ್ಯ, ಎದುರಾಳಿ ಈಸ್ಟ್ ಬೆಂಗಾಲ್. ಎಂದಿನಂತೆ ಮಾವ ಕೇಳಿದರು, ‘ಎಷ್ಟು ಜನ?’ ನಾನು ‘ಒಬ್ಬ ಹುಡುಗ ಇದ್ದಾನೆ ಮಾವ, ವಿನಿತ್ ವೆಂಕಟೇಶ್. ಹತ್ತೊಂಬತ್ತು ವರ್ಷ, ನಮ್ಮ ಬೆಂಗಳೂರಿನವನೇ’ ಎಂದೆ. ಮೊದಲಾರ್ಧದಲ್ಲೇ ಅವನು ಗೋಲು ಹೊಡೆದ. ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು, 1–0. ವೆಸ್ಟ್ ಬ್ಲಾಕ್‌ನಲ್ಲಿ ತಮಟೆ ಸದ್ದಿಗೆ ಕಿವಿ ಕಿವುಡಾಗಿತ್ತು, ಜೇಬಿನಲ್ಲಿ ಮೊಬೈಲ್ ಅದುರುತ್ತಿದ್ದುದು ತೊಡೆಗೆ ತಾಗಿ ಗೊತ್ತಾಯಿತು. ಮೆಟ್ಟಿಲಿಳಿದು ಗೋಡೆಯ ಮರೆಗೆ ಹೋಗಿ ಫೋನೆತ್ತಿದೆ.

‘ಯಾವ ಏರಿಯಾದ ಹುಡುಗ ಅವನು? ಯಾವ ಮೈದಾನದಲ್ಲಿ ಆಡಿ ಕಲಿತದ್ದು?’ ಮಾವನ ದನಿ ನಡುಗುತ್ತಿತ್ತು.

‘ಗೊತ್ತಿಲ್ಲ ಮಾವ.’

‘ಗೊತ್ತಿಲ್ಲ ಅಂದರೆ ಹೇಗೆ? ವಿಚಾರಿಸು. ವಿಚಾರಿಸಿ ಇವತ್ತೇ ಹೇಳು, ನಾನು ಮಲಗುವುದಿಲ್ಲ.’